ನೆಗೆಟಿವ್ ಗ್ರೂಪಿನ ಬಾಣಂತಿಗೆ ಒಂದೇ ಇಂಜೆಕ್ಷನ್ ಸಾಕಾ?

"ಡಾಕ್ಟ್ರಮ್ಮಾ, ಮಗು ಹುಟ್ಟಾಯ್ತು, ಇಂಜೆಕ್ಷನ್ ಚೀಟಿನೂ ಬರ್ಕೊಟ್ಟಾಯ್ತು. ಮತ್ತೆ ಇವಳ ರಕ್ತ ಯಾಕೆ?"

ನೇರಳೆ ಮುಚ್ಚಳದ ಟ್ಯೂಬನ್ನು ಸೆರಗಿನಲ್ಲಿ ಸುತ್ತಿ ಹಿಡಿದು ತಂದ ಬಾಣಂತಿಯ ತಾಯಿ ಲ್ಯಾಬಿನ ಕಿಟಕಿಯಲ್ಲಿ ಕೇಳಿದರು. ವಾರ್ಡಿನಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ.

ತಾಯಿಯ ರಕ್ತದ ಗ್ರೂಪು ನೆಗೆಟಿವ್, ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಇಂಜೆಕ್ಷನ್ ಕೊಡಬೇಕು ಅನ್ನೋದು ಈಗ ಬಹಳ ಜನಕ್ಕೆ ಗೊತ್ತು. ಹೆರಿಗೆ ಹೊತ್ತಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿಗೆ ಸೇರುತ್ತದೆ. ತಾಯಿಯ ಮೈ ಅದರ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ಮಾಡಿಟ್ಟುಕೊಂಡರೆ ಪೆಟ್ಟು ಬೀಳುವುದು ಮುಂದಿನ ಮಗುವಿಗೆ. ಅದನ್ನು ತಡೆಯುವುದೇ ಈ ಇಂಜೆಕ್ಷನ್. ಇಷ್ಟು ಸರಿ. ಆದರೆ ಎಷ್ಟು ರಕ್ತ ಸೇರಿತು ಅಂತ ಯಾರೂ ಕೇಳುವುದಿಲ್ಲ, ನನ್ನ ತಕರಾರು ಅಲ್ಲೇ ಇರುವುದು.

300 ಮೈಕ್ರೋಗ್ರಾಂನ ಒಂದು ಇಂಜೆಕ್ಷನ್ ಮಗುವಿನ ಸುಮಾರು 30 ಎಂಎಲ್ ರಕ್ತಕ್ಕೆ ಸಾಕು. ನೂರಕ್ಕೆ 99 ಹೆರಿಗೆಯಲ್ಲಿ ಸೇರುವುದು 4 ಎಂಎಲ್‌ಗಿಂತ ಕಡಿಮೆ, ಹಾಗಾಗಿ ಒಂದೇ ಧಾರಾಳ. ಸಾವಿರಕ್ಕೆ ಸುಮಾರು ಮೂರು ಹೆರಿಗೆಯಲ್ಲಿ ಮಾತ್ರ ಅದು 30 ದಾಟುತ್ತದೆ. ಸಿಸೇರಿಯನ್ ಆದವರಿಗೆ, ಮಾಸು ಕೈಹಾಕಿ ತೆಗೆದವರಿಗೆ, ಹೊಟ್ಟೆಗೆ ಪೆಟ್ಟು ಬಿದ್ದವರಿಗೆ ಜಾಸ್ತಿ ಅನುಮಾನ ಪಡಬೇಕು, ನಿಜ. ಆದರೆ ಏನೂ ತೊಂದರೆಯಿಲ್ಲದ ನಾರ್ಮಲ್ ಹೆರಿಗೆಯಲ್ಲೂ ಹೀಗಾಗುತ್ತದೆ, ಮುಖ ನೋಡಿ ಹೇಳೋಕಾಗಲ್ಲ.

ಅದಕ್ಕೇ ಕ್ಲೈಹಾವರ್-ಬೆಟ್ಕೆ ಟೆಸ್ಟ್. ಜರ್ಮನಿಯ ವೈದ್ಯರು 1957ರಲ್ಲಿ ಕೊಟ್ಟದ್ದು. ತಾಯಿಯ ರಕ್ತವನ್ನು ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಆಸಿಡ್ ದ್ರಾವಣದಲ್ಲಿ ಇಡುತ್ತೇವೆ. ದೊಡ್ಡವರ ಹಿಮೋಗ್ಲೋಬಿನ್ ಆ ಆಸಿಡ್ಡಿಗೆ ಕರಗಿ ಹೊರಗೆ ಹೋಗುತ್ತದೆ, ಮಗುವಿನದು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಆಮೇಲೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ನೀರಲ್ಲಿ ನೆನೆದ ಹಪ್ಪಳದ ಹಾಗೆ ಪೇಲವವಾಗಿ ಬಿದ್ದಿರುವ ತಾಯಿಯ ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ಗಾಢ ಗುಲಾಬಿ ಚುಕ್ಕಿ. ಅದು ಮಗುವಿನದು.

ಕೂತು 2000 ಕಣ ಎಣಿಸಬೇಕು. ಕಣ್ಣು ನೋವು ಬರುವ ಕೆಲಸ. ಒಂದೇ ಸ್ಲೈಡನ್ನು ಇಬ್ಬರು ಎಣಿಸಿದರೆ ಎರಡು ಲೆಕ್ಕ ಬರುವುದೂ ಉಂಟು, ಸುಳ್ಳು ಹೇಳಲ್ಲ. ತಾಯಿಗೆ ಥಲಸ್ಸೀಮಿಯಾ ಟ್ರೇಟ್, ಅಂದರೆ ಹುಟ್ಟಿನಿಂದ ಬಂದ ಹಿಮೋಗ್ಲೋಬಿನ್ ದೋಷ, ಇದ್ದರೆ ಅವಳದೇ ಕೆಲವು ಕಣಗಳು ಗುಲಾಬಿ ಆಗಿ ನಮ್ಮನ್ನು ಮೋಸ ಮಾಡುತ್ತವೆ. ಮೆಷಿನ್ನೇ ಕಣ ಎಣಿಸುವ ಫ್ಲೋ ಸೈಟೋಮೆಟ್ರಿ ಇದಕ್ಕಿಂತ ನಂಬಿಕಸ್ತ, ಆದರೆ ಆ ಮೆಷಿನ್ ಇರುವ ಊರು ಎಷ್ಟು? ಎಲ್ಲರಿಗೂ ಎಣಿಸುವ ಬದಲು ಮಗುವಿನ ರಕ್ತ ಜಾಸ್ತಿ ಸೇರಿದೆಯಾ ಅಂತಷ್ಟೇ ಹೇಳುವ ರೋಸೆಟ್ ಟೆಸ್ಟ್ ಮೊದಲು ಮಾಡಿ, ಅದು ಪಾಸಿಟಿವ್ ಬಂದರಷ್ಟೇ ಎಣಿಸುವ ಕ್ರಮವೂ ಇದೆ.

ಅವತ್ತು ಆ ಬಾಣಂತಿಯ ಸ್ಲೈಡಿನಲ್ಲಿ 2000 ಕಣಕ್ಕೆ ನನಗೆ ಸಿಕ್ಕಿದ್ದು 18 ಗುಲಾಬಿ ಕಣ. ಅಂದರೆ 0.9 ಪರ್ಸೆಂಟ್. ತಾಯಿಯ ಮೈಯಲ್ಲಿ 5 ಲೀಟರ್ ರಕ್ತ ಅಂತ ಹಿಡಿದರೆ ಒಂದು ಪರ್ಸೆಂಟ್ ಅಂದರೆ 50 ಎಂಎಲ್, ಹಾಗಾಗಿ 50ರಿಂದ ಗುಣಿಸಿದರೆ 45 ಎಂಎಲ್. 30ರಿಂದ ಭಾಗಿಸಿದರೆ ಒಂದೂವರೆ, ಅದನ್ನು ಎರಡು ಮಾಡಿ, ಎಣಿಕೆಯ ತಪ್ಪಿಗೆ ಅಂತ ಇನ್ನೊಂದು ಸೇರಿಸಬೇಕು. ಮೂರು ಇಂಜೆಕ್ಷನ್!

ಸ್ಯಾಂಪಲ್ ಬಗ್ಗೆ ಸಿಸ್ಟರ್‌ಗಳಿಗೆ ಒಂದು ಮಾತು. ಮಾಸು ಬಿದ್ದು ಅರ್ಧ ಮುಕ್ಕಾಲು ಗಂಟೆ ಆದಮೇಲೆ, ಎರಡು ಗಂಟೆಯೊಳಗೆ, ಆಂಟಿ-ಡಿ ಚುಚ್ಚುವ ಮುಂಚೆ ತೆಗೆಯಿರಿ. ಹೊಕ್ಕುಳ ಬಳ್ಳಿಯ ರಕ್ತವನ್ನು ತಾಯಿಯ ಹೆಸರು ಬರೆದು ಕಳಿಸಬೇಡಿ. ಹಾಗೆ ಬಂದ ಸ್ಲೈಡ್ ಪೂರ್ತಿ ಗುಲಾಬಿ ಆಗಿ ನಾನೊಮ್ಮೆ ಗಾಬರಿ ಬಿದ್ದಿದ್ದೇನೆ. ಏಳನೇ ತಿಂಗಳಲ್ಲಿ ಆಂಟಿ-ಡಿ ಕೊಟ್ಟಿದ್ದರೆ ಚೀಟಿಯಲ್ಲಿ ಬರೆಯಿರಿ. ಪ್ರತಿಕಾಯ ಇದೆಯಾ ಅಂತ ನೋಡುವ ಕೂಮ್ಸ್ ಟೆಸ್ಟ್ ಅದರಿಂದಲೇ ಸ್ವಲ್ಪ ಪಾಸಿಟಿವ್ ಬರಬಹುದು, ಅದನ್ನು ನೋಡಿ "ಪ್ರತಿಕಾಯ ಆಗಲೇ ಆಗಿದೆ, ಇನ್ನು ಇಂಜೆಕ್ಷನ್ ಬೇಡ" ಅಂತ ಕೈಬಿಟ್ಟರೆ ಅನ್ಯಾಯ ಅಲ್ವಾ?

ಕಿಟಕಿಯಲ್ಲಿ ನಿಂತಿದ್ದ ಬಾಣಂತಿಯ ತಾಯಿಗೆ ಲೆಕ್ಕ ಬಿಡಿಸಿ ಹೇಳಿದೆ. ಇಂಜೆಕ್ಷನ್ ಅಗ್ಗದ್ದೇನಲ್ಲ, ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ "ಚೀಟಿ ಕೊಡಿ" ಅಂದರು. ಹೆರಿಗೆಯಾಗಿ 30 ಗಂಟೆ ಆಗಿತ್ತು, ಟೈಮ್ ಇತ್ತು.