ಕೈಗೆ ಸಿಗದ ಅಣುಗಳ ಬೆನ್ನು ಹತ್ತಿ

ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುಸ್ಸೆಂದು ಬಿಳಿ ನೊರೆ ಏಳುತ್ತದೆ. ಕ್ರಿಮಿಗಳು ಸಾಯುತ್ತಿವೆ ಎಂದು ನೋಡಿದವರಿಗೆ ಸಮಾಧಾನ. ನಿಜ ಹೇಳಬೇಕೆಂದರೆ ಆ ನೊರೆ ನಮ್ಮದೇ ಜೀವಕೋಶಗಳ ಕೈಚಳಕ. ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಕ್ಸಿಜನ್ ಮಾಡಿಬಿಡುತ್ತದೆ. ಗುಳ್ಳೆಯೊಳಗೆ ಇರುವುದು ಆ ಆಕ್ಸಿಜನ್. ಪೆರಾಕ್ಸೈಡನ್ನು 1818ರಲ್ಲಿ ಕಂಡುಹಿಡಿದ ಫ್ರಾನ್ಸಿನ ಲೂಯಿ ಥೆನಾರ್ ಕೂಡ, ಪ್ರಾಣಿಗಳ ಅಂಗಾಂಶ ತಾಗಿದರೆ ಅದು ಒಡೆಯುವುದನ್ನು ಗಮನಿಸಿದ್ದರು. ಹೊರಗಿನಿಂದ ಸುರಿಯುವ ಒಂದು ರಾಸಾಯನಿಕಕ್ಕೆ ದೇಹ ಮೊದಲೇ ಕಿಣ್ವ ಸಿದ್ಧಮಾಡಿಕೊಂಡು ಯಾಕೆ ಕೂತಿದೆ? ಒಳಗೂ ಅದು ಹುಟ್ಟುತ್ತಿರಬೇಕು, ಅಲ್ವಾ? ಜೀವಂತ ಅಂಗದಲ್ಲಿ ಇದನ್ನು ತೋರಿಸಿಕೊಡಲು ನೂರೈವತ್ತು ವರ್ಷ ಹಿಡಿಯಿತು.

ಇಷ್ಟು ತಡವಾಗಲು ಕಾರಣ ಆ ಅಣುಗಳ ಸ್ವಭಾವವೇ. ಆಕ್ಸಿಜನ್ ಅಣು ಒಂದೊಂದೇ ಇಲೆಕ್ಟ್ರಾನನ್ನು ಪಡೆಯುತ್ತ ಹೋದರೆ ಮೊದಲು ಸೂಪರಾಕ್ಸೈಡ್, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್, ಆಮೇಲೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಆಗುತ್ತದೆ. ಇವನ್ನೂ ಇವುಗಳ ನೆಂಟರನ್ನೂ ಸೇರಿಸಿ ರಿಯಾಕ್ಟಿವ್ ಆಕ್ಸಿಜನ್ ಸ್ಪೀಷೀಸ್, ಚಿಕ್ಕದಾಗಿ ಆರ್‌ಒಎಸ್ ಎನ್ನುತ್ತಾರೆ. ಹೆಸರು ಒಂದೇ ಆದರೂ ಗುಣ ಒಂದೇ ಅಲ್ಲ. ಹೈಡ್ರಾಕ್ಸಿಲ್ ಹುಟ್ಟಿದ ಜಾಗದಲ್ಲೇ, ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಷ್ಟು ಹೊತ್ತಿನಲ್ಲಿ, ಪಕ್ಕದಲ್ಲಿ ಸಿಕ್ಕಿದ್ದನ್ನು ಕಚ್ಚಿ ಮುಗಿದುಹೋಗುತ್ತದೆ. ಪೆರಾಕ್ಸೈಡ್ ಅಷ್ಟು ಅವಸರದ್ದಲ್ಲ, ಸ್ವಲ್ಪ ದೂರ ಓಡಾಡಿಕೊಂಡಿರುತ್ತದೆ. ಇವೆಲ್ಲವನ್ನೂ ಒಂದೇ ಚೀಟಿ ಅಂಟಿಸಿದ ಡಬ್ಬಿಗೆ ಹಾಕಿದ್ದರಿಂದ ಆದ ಗೊಂದಲ ಚಿಕ್ಕದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಸೂಪರಾಕ್ಸೈಡ್, ಹೈಡ್ರಾಕ್ಸಿಲ್‌ನಂಥ, ಜೋಡಿಯಿಲ್ಲದ ಇಲೆಕ್ಟ್ರಾನ್ ಹೊತ್ತ ಅಣುವನ್ನು ಫ್ರೀ ರ್‍ಯಾಡಿಕಲ್ ಎನ್ನುತ್ತಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮೋಸೆಸ್ ಗೊಂಬರ್ಗ್ 1900ರಲ್ಲಿ ಅಂಥ ಒಂದು ಇಂಗಾಲದ ಅಣುವನ್ನು ತೋರಿಸಿದರು. ಆಮೇಲಿನ ಐವತ್ತು ವರ್ಷ ಈ ವಿಷಯ ಹೆಚ್ಚಾಗಿ ರಸಾಯನಶಾಸ್ತ್ರದವರ ಪಾಲು. ರಬ್ಬರ್ ಯಾಕೆ ಬಿರಿಯುತ್ತದೆ, ಎಣ್ಣೆ ಯಾಕೆ ಕಮಟು ಹಿಡಿಯುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಇಷ್ಟು ಉಗ್ರ ಅಣುಗಳು ಜೀವಂತ ದೇಹದೊಳಗೂ ಇರಬಹುದು ಎಂದು ಜೀವಶಾಸ್ತ್ರದವರಿಗೆ ಅಷ್ಟಾಗಿ ಅನಿಸಿರಲಿಲ್ಲ.

ದಾರಿ ತಿರುಗಿದ್ದು 1954ರಲ್ಲಿ. ಅರ್ಜೆಂಟೀನಾದ ವಿಜ್ಞಾನಿ ರೆಬೆಕಾ ಗೆರ್ಷ್‌ಮನ್ ಆಗ ಅಮೆರಿಕದ ರೋಚೆಸ್ಟರ್‌ನಲ್ಲಿದ್ದರು. ಆಕ್ಸಿಜನ್ ಅತಿಯಾದಾಗ ಆಗುವ ಹಾನಿ, ಎಕ್ಸ್‌-ರೇ ತಾಗಿದಾಗ ಆಗುವ ಹಾನಿ ಎರಡಕ್ಕೂ ಬೇರು ಒಂದೇ, ಫ್ರೀ ರ್‍ಯಾಡಿಕಲ್‌ಗಳು ಎಂದು ಅವರೂ ಸಹೋದ್ಯೋಗಿಗಳೂ ಆ ವರ್ಷ ಬರೆದರು. ಜೀವ ಉಳಿಸುವ ಆಕ್ಸಿಜನ್ನನ್ನು ವಿಕಿರಣದ ಪಕ್ಕದಲ್ಲಿ ಕೂರಿಸಲು ಧೈರ್ಯ ಬೇಕಿತ್ತು.

ಅದೇ ಹೊತ್ತಿಗೆ ಆಸ್ಪತ್ರೆಗಳಲ್ಲಿ ಒಂದು ದುರಂತದ ಲೆಕ್ಕ ನಡೆದಿತ್ತು. 1940ರ ದಶಕದಿಂದ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳನ್ನು ಇನ್‌ಕ್ಯುಬೇಟರ್‌ನಲ್ಲಿಟ್ಟು ಧಾರಾಳವಾಗಿ ಆಕ್ಸಿಜನ್ ಕೊಡುತ್ತಿದ್ದರು. ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ. ಮಕ್ಕಳು ಬದುಕಿದರು, ಆದರೆ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳ ಕಣ್ಣು ಹೋಯಿತು. ಆಸ್ಟ್ರೇಲಿಯಾದ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ 1951ರಲ್ಲೇ ಆಕ್ಸಿಜನ್ ಕಡೆ ಬೆರಳು ತೋರಿಸಿದ್ದರು. ಆದರೆ ಒಬ್ಬ ವೈದ್ಯೆಯ ಅನುಮಾನಕ್ಕೆ ಎಲ್ಲರೂ ಎಲ್ಲಿ ತಲೆದೂಗುತ್ತಾರೆ? ಒಂದೊಂದು ಆಸ್ಪತ್ರೆಯಲ್ಲಿ ಸಿಗುವ ಶಿಶುಗಳೂ ಬೆರಳೆಣಿಕೆಯಷ್ಟೇ. ಕೊನೆಗೆ 1953ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಒಟ್ಟಾಗಿ, ಒಂದೇ ನಿಯಮ ಇಟ್ಟುಕೊಂಡು, ಕೆಲವು ಶಿಶುಗಳಿಗೆ ಎಂದಿನಂತೆ, ಉಳಿದವರಿಗೆ ಬೇಕಾದಾಗ ಮಾತ್ರ ಆಕ್ಸಿಜನ್ ಕೊಟ್ಟವು. ಮುಂದಿನ ವರ್ಷ ಉತ್ತರ ಸ್ಪಷ್ಟವಾಗಿತ್ತು: ಆಕ್ಸಿಜನ್ನೇ ಕಾರಣ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಹೆದರಿದ ಆಸ್ಪತ್ರೆಗಳು ಆಕ್ಸಿಜನ್ನನ್ನು ತೀರಾ ಬಿಗಿಹಿಡಿದವು. ಕುರುಡುತನ ಇಳಿಯಿತು, ಆದರೆ ಉಸಿರಿಲ್ಲದೆ ಸಾಯುವ ಶಿಶುಗಳು ಹೆಚ್ಚಿದರು. ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಹುಟ್ಟಿ ಎರಡು ದಿನ ಬದುಕಿದ ಮಕ್ಕಳನ್ನು ಮಾತ್ರ. ಮೊದಲ ಎರಡು ದಿನ ಏನಾಗುತ್ತದೆ ಎಂಬ ಪ್ರಶ್ನೆ ಅದರೊಳಗೆ ಇರಲೇ ಇಲ್ಲ.

1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಬಂದರು. ಹಿಂದೆ ಶೆಲ್ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದು, ಆಮೇಲೆ ವೈದ್ಯಕೀಯ ಓದಿದವರು. ನಾವು ಮುದುಕರಾಗುವುದು ಫ್ರೀ ರ್‍ಯಾಡಿಕಲ್‌ಗಳಿಂದ ಎಂದು ಅವರು ವಾದಿಸಿದರು. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಎಂಬ ಚಿತ್ರ ಜನರ ತಲೆಯಲ್ಲಿ ಕೂತಿತು. ಚಿತ್ರ ಸುಲಭವಾಗಿದ್ದುದೇ ತೊಂದರೆಯಾಯಿತು ಎಂದು ನನಗನಿಸುತ್ತದೆ.

ಇವೆಲ್ಲ ವಾದಗಳಿಗೆ ಆಧಾರ ಸಿಕ್ಕಿದ್ದು 1969ರಲ್ಲಿ, ಅದೂ ಒಂದು ಕಲಬೆರಕೆಯಿಂದ. ಡ್ಯೂಕ್ ವಿಶ್ವವಿದ್ಯಾಲಯದ ಇರ್ವಿನ್ ಫ್ರಿಡೊವಿಚ್ ಹತ್ತಿರ ಜೋ ಮೆಕಾರ್ಡ್ ಎಂಬ ವಿದ್ಯಾರ್ಥಿ ಇದ್ದರು. ಒಂದು ಕಿಣ್ವದ ಕ್ರಿಯೆಯನ್ನು ಕೆಲವು ಪ್ರೋಟೀನ್‌ಗಳು ತಡೆಯುತ್ತಿದ್ದವು. ಯಾಕೆಂದು ಹುಡುಕಿದರೆ, ತಡೆಯುತ್ತಿದ್ದುದು ಆ ಪ್ರೋಟೀನ್‌ಗಳಲ್ಲ, ಅವುಗಳ ಜೊತೆ ಸೇರಿಕೊಂಡಿದ್ದ ಇನ್ನೊಂದು. ಅದನ್ನು ಬೇರ್ಪಡಿಸಿದಾಗ ನೀಲಿ-ಹಸಿರು ಬಣ್ಣದ, ತಾಮ್ರ ಇರುವ ಪ್ರೋಟೀನ್ ಸಿಕ್ಕಿತು. ಇದು ಹೊಸದೇನಲ್ಲ. 1938ರಲ್ಲೇ ದನದ ರಕ್ತದಿಂದ ಇದನ್ನು ತೆಗೆದು, ತಾಮ್ರ ಕೂಡಿಡುವ ಪ್ರೋಟೀನ್ ಇರಬೇಕೆಂದು ಬದಿಗಿಟ್ಟಿದ್ದರು. ಮೂವತ್ತು ವರ್ಷ ಶೆಲ್ಫಿನಲ್ಲಿದ್ದ ಅದರ ನಿಜವಾದ ಕೆಲಸ ಸೂಪರಾಕ್ಸೈಡನ್ನು ಮುಗಿಸುವುದು! ಹೆಸರು ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂದಾಯಿತು. ಆ ವಿಷವೇ ಒಳಗೆ ಹುಟ್ಟದಿದ್ದರೆ ಅದನ್ನು ಮುಗಿಸಲು ಇಂಥ ಕಿಣ್ವ ಇರಲು ಕಾರಣವಿಲ್ಲ.

ಇನ್ನೊಂದು ಬಾಗಿಲಿನಿಂದ ಮಕ್ಕಳ ವೈದ್ಯರು ಬರುತ್ತಿದ್ದರು. ಮತ್ತೆ ಮತ್ತೆ ಸೋಂಕಾಗಿ, ಮೈಯೆಲ್ಲ ಕೀವುಗಂಟು ಏಳುವ ಕೆಲವು ಮಕ್ಕಳು. ಅವರ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳನ್ನು ಸರಿಯಾಗಿಯೇ ನುಂಗುತ್ತಿದ್ದವು, ಆದರೆ ಕೊಲ್ಲುತ್ತಿರಲಿಲ್ಲ ಎಂದು 1967ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದವರು ತೋರಿಸಿದರು. ಇದರ ಪರೀಕ್ಷೆ ನೋಡಲೂ ಚೆನ್ನ. ರಕ್ತಕ್ಕೆ ಎನ್‌ಬಿಟಿ ಎಂಬ ಹಳದಿ ಬಣ್ಣ ಬೆರೆಸುತ್ತಾರೆ. ಆರೋಗ್ಯವಂತರ ಬಿಳಿ ಕಣಗಳನ್ನು ಕೆರಳಿಸಿದರೆ ಒಳಗೆ ಸೂಪರಾಕ್ಸೈಡ್ ಹುಟ್ಟಿ, ಹಳದಿ ಗಾಢ ನೀಲಿಯಾಗುತ್ತದೆ. ಈ ರೋಗದ ಮಗುವಿನ ಕಣಗಳು ಪೇಲವವಾಗಿಯೇ ಉಳಿಯುತ್ತವೆ. ರೋಗ ತಾಯಿಯ ಕಡೆಯಿಂದ ಬಂದಿದ್ದರೆ, ಆಕೆಯ ರಕ್ತದಲ್ಲಿ ಕೆಲವು ಕಣ ನೀಲಿ, ಕೆಲವು ಪೇಲವ, ಒಂದೇ ಗಾಜಿನ ಪಟ್ಟಿಯ ಮೇಲೆ.

ಬಿಳಿ ರಕ್ತಕಣ ಸೂಪರಾಕ್ಸೈಡನ್ನು ಬೇಕೆಂದೇ ತಯಾರಿಸುತ್ತದೆ ಎಂದು 1973ರಲ್ಲಿ ಬರ್ನಾರ್ಡ್ ಬೇಬಿಯರ್ ತಂಡ ತೋರಿಸಿತು. ಅವರಿಗೆ ಸಾಕ್ಷಿ ಒದಗಿಸಿದ್ದು ಮೆಕಾರ್ಡ್ ಮತ್ತು ಫ್ರಿಡೊವಿಚ್ ಹೊರತೆಗೆದ ಆ ನೀಲಿ-ಹಸಿರು ಕಿಣ್ವವೇ. ಅದನ್ನು ಸೇರಿಸಿದರೆ ಸೂಪರಾಕ್ಸೈಡಿನ ಗುರುತು ಮಾಯ. ಒಂದು ವಿಭಾಗದ ಕಸ ಇನ್ನೊಂದು ವಿಭಾಗದ ಅಳತೆಗೋಲಾಯಿತು.

ಪೆರಾಕ್ಸೈಡಿನ ಹಳೆಯ ಪ್ರಶ್ನೆಗೂ ಅದೇ ಹೊತ್ತಿಗೆ ಉತ್ತರ ಬಂತು. ಫಿಲಡೆಲ್ಫಿಯಾದ ಬ್ರಿಟನ್ ಚಾನ್ಸ್ ಮತ್ತು ಜರ್ಮನಿಯ ಹೆಲ್ಮುಟ್ ಸೀಸ್ ಜೀವಂತ ಯಕೃತ್ತಿಗೆ ಬೆಳಕು ಹಾಯಿಸಿ, ಒಳಗಿನ ಕ್ಯಾಟಲೇಸ್ ಕೆಲಸದಲ್ಲಿರುವುದನ್ನು 1970ರಲ್ಲಿ ಕಂಡರು. ಅರ್ಜೆಂಟೀನಾದ ಆಲ್ಬರ್ಟೊ ಬೊವೆರಿಸ್ ಚಾನ್ಸ್ ಜೊತೆ ಸೇರಿ, ಜೀವಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾಗಳನ್ನು ಬೇರ್ಪಡಿಸಿ, ಅವುಗಳಿಂದ ಎಷ್ಟು ಪೆರಾಕ್ಸೈಡ್ ಬರುತ್ತದೆ ಎಂದು ಅಳೆದರು. ಉಸಿರಾಡಿದ ಆಕ್ಸಿಜನ್ನಿನಲ್ಲಿ ಶೇ. 1ರಿಂದ 2ರಷ್ಟು ಹೀಗೆ ಹೋಗುತ್ತದೆ ಎಂಬ ಮಾತು ಆ ಅಳತೆಗಳಿಂದ ಹುಟ್ಟಿ ಪಠ್ಯಪುಸ್ತಕ ಸೇರಿತು. ಅದು ಪ್ರಯೋಗಾಲಯದ ವಿಶೇಷ ಸ್ಥಿತಿಯ ಲೆಕ್ಕ. ದೇಹದೊಳಗೆ ಅದು ಇನ್ನೂ ಕಡಿಮೆ. ಆದರೂ ಅಂಕಿ ಬಾಯಿಂದ ಬಾಯಿಗೆ ಹೋಯಿತು, ಷರತ್ತು ಹೋಗಲಿಲ್ಲ.

ಇಂಥ ಅಣುಗಳ ಕೈ ಮೇಲಾಗಿ ಕೋಶ ನಲುಗುವ ಸ್ಥಿತಿಗೆ 1985ರಲ್ಲಿ ಸೀಸ್ 'ಆಕ್ಸಿಡೇಟಿವ್ ಸ್ಟ್ರೆಸ್' ಎಂಬ ಹೆಸರು ಚಾಲ್ತಿಗೆ ತಂದರು. ಆ ವೇಳೆಗೆ ಮಾರುಕಟ್ಟೆಯೂ ಮಾತು ಹಿಡಿದಿತ್ತು. ವೈರಿ ಫ್ರೀ ರ್‍ಯಾಡಿಕಲ್, ಮದ್ದು ಅದನ್ನು ತಣಿಸುವ ಆ್ಯಂಟಿಆಕ್ಸಿಡೆಂಟ್ ಮಾತ್ರೆ. ಫಿನ್ಲೆಂಡ್ ಮತ್ತು ಅಮೆರಿಕ ಸೇರಿ 29,133 ಗಂಡಸು ಧೂಮಪಾನಿಗಳಿಗೆ ಬೀಟಾ ಕ್ಯಾರೊಟಿನ್, ವಿಟಮಿನ್ ಇ ಕೊಟ್ಟು ನೋಡಿದವು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಬೇಕಿತ್ತು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಅದು ಶೇ. 18ರಷ್ಟು ಜಾಸ್ತಿ. ಆಕಸ್ಮಿಕ ಇರಬಹುದು ಎಂದು ಕೆಲವರು ಮೂಗು ಮುರಿದರು. ಅಮೆರಿಕದ ಇನ್ನೊಂದು ದೊಡ್ಡ ಪ್ರಯೋಗ 1996ರ ಜನವರಿಯಲ್ಲಿ ಅರ್ಧಕ್ಕೇ ನಿಂತಿತು. ಅಲ್ಲಿ ಹೆಚ್ಚಳ ಶೇ. 28. ನೂರಿನ್ನೂರು ಜನರ ಅಧ್ಯಯನವಾಗಿದ್ದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುತ್ತಿರಲಿಲ್ಲ.

ಹಾಗಾದರೆ ಆರ್‌ಒಎಸ್‌ಗೆ ಒಳ್ಳೆ ಕೆಲಸವೂ ಇದೆಯೇ? ಜೀವಕೋಶಕ್ಕೆ 'ಬೆಳೆ' ಎಂಬ ಸೂಚನೆ ತಲುಪಲು ಪೆರಾಕ್ಸೈಡ್ ಬೇಕು ಎಂದು 1995ರಲ್ಲಿ ಗೊತ್ತಾಯಿತು. ಬಿಳಿ ರಕ್ತಕಣದಲ್ಲಿ ಸೂಪರಾಕ್ಸೈಡ್ ತಯಾರಿಸುವ ಕಿಣ್ವದ ಅಣ್ಣತಮ್ಮಂದಿರು ಬೇರೆ ಅಂಗಗಳಲ್ಲೂ ಸಿಕ್ಕರು. ಥೈರಾಯ್ಡ್ ಗ್ರಂಥಿಯಂತೂ ಪೆರಾಕ್ಸೈಡ್ ಇಲ್ಲದೆ ತನ್ನ ಹಾರ್ಮೋನನ್ನೇ ತಯಾರಿಸಲಾರದು. 2009ರಲ್ಲಿ ಜರ್ಮನಿಯ ಮಿಖಾಯೆಲ್ ರಿಸ್ಟೊ ತಂಡ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿತು. ಸುಮ್ನೆ ವ್ಯಾಯಾಮ ಮಾಡಿದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ಜೊತೆಗೆ ವಿಟಮಿನ್ ಸಿ ಮತ್ತು ಇ ಮಾತ್ರೆ ನುಂಗಿದವರಿಗೆ ಆ ಲಾಭ ಸಿಗಲಿಲ್ಲ. ಬೆವರು ಮಾತ್ರ ಇಬ್ಬರೂ ಸುರಿಸಿದ್ದರು.

ಈಗ, ಎಲ್ಲವನ್ನೂ ಆರ್‌ಒಎಸ್ ಎಂಬ ಒಂದೇ ಚೀಟಿಯಡಿ ತುಂಬಿದ ಆ ಡಬ್ಬಿಯ ವಿಷಯ. ಡಿಸಿಎಫ್ ಎಂಬ ಬಣ್ಣ ಹಾಕಿ, ಕೋಶ ಹಸಿರಾಗಿ ಹೊಳೆದರೆ 'ಆರ್‌ಒಎಸ್ ಹೆಚ್ಚಿದೆ' ಎಂದು ಬರೆದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಆ ಬಣ್ಣ ಪೆರಾಕ್ಸೈಡಿನ ಜೊತೆ ನೇರವಾಗಿ ವರ್ತಿಸುವುದೇ ಇಲ್ಲ. ಕಬ್ಬಿಣವೋ ಯಾವುದಾದರೂ ಕಿಣ್ವವೋ ನಡುವೆ ಬರಬೇಕು. ಸಾಲದ್ದಕ್ಕೆ ಬಣ್ಣವೇ ಸೂಪರಾಕ್ಸೈಡ್ ಹುಟ್ಟಿಸಬಲ್ಲದು. ಅಳೆಯುವ ತಕ್ಕಡಿಯೇ ತೂಕ ಸೇರಿಸಿದ ಹಾಗೆ. ಅಪೊಸೈನಿನ್ ಎಂಬ ರಾಸಾಯನಿಕವನ್ನು ಸೂಪರಾಕ್ಸೈಡ್ ತಯಾರಿಸುವ ಆ ಕಿಣ್ವವನ್ನೇ ತಡೆಯುವಂಥದ್ದು ಎಂದು ವರ್ಷಗಟ್ಟಲೆ ಬಳಸಿದರು. ರಕ್ತನಾಳದ ಕೋಶಗಳಲ್ಲಿ ಅದು ಬರೀ ಆ್ಯಂಟಿಆಕ್ಸಿಡೆಂಟಿನಂತೆ ವರ್ತಿಸುತ್ತದೆ ಎಂದು 2008ರಲ್ಲಿ ತಿಳಿಯಿತು.

ಹೀಗಿರುವಾಗ ಯಾರೊಬ್ಬರ ಲ್ಯಾಬ್ ಒಂದರಿಂದಲೇ ಇದು ಬಗೆಹರಿಯುವಂಥದ್ದಲ್ಲ. ಯುರೋಪಿನಲ್ಲಿ 2012ರಿಂದ 2016ರವರೆಗೆ ಆರ್‌ಒಎಸ್ ಅಧ್ಯಯನಕ್ಕೆಂದೇ ಇಯು-ರಾಸ್ ಎಂಬ ಕೂಟ ನಡೆಯಿತು. ಅದಕ್ಕೆ ಹಣ ಕೊಟ್ಟ ಕಾಸ್ಟ್ ಎಂಬ ಯೋಜನೆಯ ವಿಚಿತ್ರವೇನೆಂದರೆ, ಅದು ಸಂಶೋಧನೆಗೆ ದುಡ್ಡು ಕೊಡುವುದಿಲ್ಲ. ಸಭೆ ಸೇರಲು, ತರಬೇತಿ ನಡೆಸಲು, ಕಿರಿಯ ಸಂಶೋಧಕರು ಇನ್ನೊಂದು ದೇಶದ ಲ್ಯಾಬಿಗೆ ಹೋಗಿ ಕೆಲವು ವಾರ ಇದ್ದು ಕಲಿಯಲು ಕೊಡುತ್ತದೆ, ಅಷ್ಟೆ. ಹೃದಯದವರು, ಮಿದುಳಿನವರು, ಗಿಡಗಳವರು, ರಸಾಯನದವರು ಒಂದೇ ಮೇಜಿಗೆ ಬಂದರು. 2017ರಲ್ಲಿ ಅವರು ಹೊರತಂದ ದೊಡ್ಡ ವರದಿಗೆ ನೂರಕ್ಕೂ ಹೆಚ್ಚು ಲೇಖಕರು.

2022ರಲ್ಲಿ ಮೈಕೇಲ್ ಮರ್ಫಿ, ಬ್ಯಾರಿ ಹ್ಯಾಲಿವೆಲ್ ಮುಂತಾದ ಸಂಶೋಧಕರು ಹಲವು ದೇಶಗಳಿಂದ ಸೇರಿ ಅಳತೆಯ ನಿಯಮಗಳನ್ನು ಬರೆದರು. ಅದರ ಮೊದಲ ಬೇಡಿಕೆಗಳಲ್ಲಿ ಒಂದು ತೀರಾ ಸರಳ: 'ಆರ್‌ಒಎಸ್' ಎಂದು ಬರೆದು ಬಿಡಬೇಡಿ. ಸೂಪರಾಕ್ಸೈಡೋ, ಪೆರಾಕ್ಸೈಡೋ, ಯಾವುದನ್ನು ಅಳೆದಿರಿ ಎಂದು ಹೆಸರಿಟ್ಟು ಹೇಳಿ. ಅದು ಸಾಧ್ಯವಾಗದಿದ್ದರೆ, ಸಾಧ್ಯವಾಗಲಿಲ್ಲ ಎಂದಾದರೂ ಒಪ್ಪಿಕೊಳ್ಳಿ.