ಸ್ಕಿಮ್‌ಬೋರ್ಡಿಗೆ ಒಗ್ಗುವ ಬೀಚನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಹೊಸದಾಗಿ ಸ್ಕಿಮ್‌ಬೋರ್ಡ್, ಅಂದರೆ ದಡದ ತೆಳು ನೀರಿನ ಮೇಲೆ ನಿಂತು ಜಾರುವ ಹಲಗೆ, ಕೊಂಡಿದ್ದೇನೆ. ಓಡಿಬಂದು ಹತ್ತಿದರೆ ನಾಲ್ಕಾರು ಅಡಿ ಜಾರಿ ಗಕ್ಕನೆ ನಿಲ್ಲುತ್ತದೆ, ನಾನು ಮುಗ್ಗರಿಸುತ್ತೇನೆ. ತಪ್ಪು ನನ್ನದೋ ಬೀಚಿನದೋ? ಒಳ್ಳೆಯ ಬೀಚನ್ನು ಹುಡುಕುವುದು ಹೇಗೆ?

ಉತ್ತರ: ಬಹುಶಃ ಮರಳಿನದು. ಇಲ್ಲವೇ ನೀವು ಹೋದ ಹೊತ್ತಿನದು.

ಬೋರ್ಡು ಜಾರುವುದು ಮರಳಿನ ಮೇಲಲ್ಲ, ಮರಳಿನ ಮೇಲೆ ಉಳಿದ ನೀರಿನ ತೆಳು ಪದರದ ಮೇಲೆ. ಆ ಪದರ ಒಂದರಿಂದ ಮೂರು ಸೆಂಟಿಮೀಟರ್ ಇದ್ದರೆ ಸಾಕು. ದಪ್ಪ ಕಣದ ಮರಳಿನಲ್ಲಿ ಸಂದುಗಳು ದೊಡ್ಡವು. ಅಲೆ ಹಿಂದೆ ಸರಿಯುವ ಮೊದಲೇ ನೀರು ಇಂಗಿ ಹೋಗುತ್ತದೆ, ಬೋರ್ಡಿನ ಅಡಿ ನೆಲಕ್ಕೆ ಕಚ್ಚುತ್ತದೆ. ನಯವಾದ ಮರಳು ನೀರನ್ನು ಬೇಗ ಹೀರುವುದಿಲ್ಲ. ಹಾಗಾಗಿ ಮೊದಲ ಪರೀಕ್ಷೆ ಹಿಮ್ಮಡಿಯದು: ಅಲೆ ಈಗಷ್ಟೇ ಬಿಟ್ಟುಹೋದ ಜಾಗದಲ್ಲಿ ಹಿಮ್ಮಡಿಯೂರಿ ನಿಲ್ಲಿ. ಅಚ್ಚು ಮಾತ್ರ ಮೂಡಿದರೆ ನೆಲ ಗಟ್ಟಿ. ಕಾಲು ಹೂತು ಹೋದರೆ ಅಲ್ಲಿ ಓಟಕ್ಕೆ ವೇಗವೂ ಸಿಗದು, ಬೋರ್ಡಿಗೆ ನೀರೂ ಉಳಿಯದು.

ಇಳಿಜಾರನ್ನು ತೀರ್ಮಾನಿಸುವುದೂ ಈ ಕಣಗಳೇ. ದಪ್ಪ ಮರಳಿನಲ್ಲಿ ಏರಿಬಂದ ನೀರು ಇಂಗುವುದರಿಂದ ಹಿಂದಿರುಗುವ ನೀರಿಗೆ ಬಲ ಕಡಿಮೆ. ಏರುವಾಗ ಅಲೆ ಹೊತ್ತು ತಂದ ಮರಳು ಮೇಲೆಯೇ ಉಳಿದು ದಂಡೆ ಕಡಿದಾಗುತ್ತದೆ. ನಯ ಮರಳಿನ ದಂಡೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಈ ಎರಡು ಬಗೆಯ ದಂಡೆಗಳಿಗೆ ಎರಡು ಬೇರೆ ಆಟಗಳು, ಬೇರೆ ಬೋರ್ಡುಗಳು. ಚಪ್ಪಟೆ ದಂಡೆಯಲ್ಲಿ ನೀರಿನ ಹಾಳೆಯ ಮೇಲೆ ಉದ್ದಕ್ಕೆ ಜಾರುವುದು. ಮರದ ಬೋರ್ಡು ಸಾಕು. ಕಡಿದಾದ ದಂಡೆಯಲ್ಲಿ ದಡಕ್ಕೇ ಬಂದು ಒಡೆಯುವ ಅಲೆಯತ್ತ ಓಡಿ, ಅದರ ಮೇಲೆ ತಿರುಗಿ ದಡಕ್ಕೆ ಹಿಂದಿರುಗುವುದು. ಅದಕ್ಕೆ ತೇಲುವ ಫೋಮ್ ಬೋರ್ಡು ಬೇಕು. ಹೊಸಬರು ಚಪ್ಪಟೆ ದಂಡೆಯನ್ನೇ ಹುಡುಕಿ. ಹೊಸಬರನ್ನು ಕಡಿದಾದ ದಂಡೆಗೆ ಕರೆದೊಯ್ಯುವ ಗೆಳೆಯರ ಮಾತು ಕೇಳಬೇಡಿ.

ಕಡಿದು ಎಷ್ಟು? ನೇರವಾದ ಕೋಲೊಂದನ್ನು ನೀರಿನ ಕಡೆಗೆ ಮುಖಮಾಡಿ ಮರಳ ಮೇಲಿಟ್ಟು, ಅದರ ಮೇಲೆ ಫೋನಿನ ಮಟ್ಟ ತೋರಿಸುವ ಆ್ಯಪ್ ತೆರೆದಿಡಿ. ಒಂದೆರಡು ಡಿಗ್ರಿ ಎಂದರೆ ಚಪ್ಪಟೆ. ಆರು ಡಿಗ್ರಿಯ ಆಸುಪಾಸು, ಅಂದರೆ ಹತ್ತು ಮೀಟರ್ ನಡೆದರೆ ಒಂದು ಮೀಟರ್ ಇಳಿಯುವಷ್ಟು, ಅಲೆಯಾಟಕ್ಕೆ ಯೋಗ್ಯ. ಇನ್ನೂ ತೀರಾ ಕಡಿದಾದರೆ ಅಲೆ ಒಡೆಯುವುದೇ ಇಲ್ಲ, ಸುಮ್ಮನೆ ಉಬ್ಬಿ ದಂಡೆಯ ಮೇಲೇರಿ ಇಳಿಯುತ್ತದೆ. ಬೋರ್ಡನ್ನೇ ಅಳತೆಗೋಲಾಗಿ ಬಳಸಬೇಡಿ. ಅದರ ಮೂಗು ಮೇಲಕ್ಕೆ ಬಾಗಿರುವುದರಿಂದ ಲೆಕ್ಕ ತಪ್ಪುತ್ತದೆ.

ಹೋಗುವ ಮೊದಲೇ ಉಪಗ್ರಹ ಚಿತ್ರ ನೋಡಿಕೊಳ್ಳಬಹುದು. ದಡಕ್ಕೆ ಅಂಟಿದಂತೆ ಒಂದೇ ತೆಳು ಬಿಳಿಗೆರೆ, ಅದರ ಪಕ್ಕದಲ್ಲೇ ಕಡುನೀಲಿ ನೀರು ಕಂಡರೆ ಕಡಿದಾದ ದಂಡೆ. ನೊರೆಯ ಪಟ್ಟಿ ಅಗಲವಾಗಿ ಎರಡು ಮೂರು ಸಾಲಾಗಿದ್ದರೆ ಚಪ್ಪಟೆ. ದಂಡೆಯ ತುದಿಗಳನ್ನೂ ಗಮನಿಸಿ: ಬಂಡೆಯ ಚಾಚು ಇದ್ದರೆ ಅಲೆ ಅದಕ್ಕೆ ಬಡಿದು ಓರೆಯಾಗಿ ಹಿಂದಿರುಗಿ, ಮುಂದಿನ ಅಲೆಯೊಂದಿಗೆ ಕೂಡಿ ದಿಢೀರನೆ ಎತ್ತರವಾಗುತ್ತದೆ. ಇದನ್ನು ಸೈಡ್‌ವಾಶ್ ಎನ್ನುತ್ತಾರೆ. ಪಳಗಿದವರು ಹುಡುಕಿಕೊಂಡು ಹೋಗುವುದು ಇದನ್ನೇ. 1920ರ ದಶಕದಲ್ಲಿ ಜೀವರಕ್ಷಕರು ಮರದ ಹಲಗೆಗಳ ಮೇಲೆ ಈ ಆಟ ಶುರುಮಾಡಿದರೆಂದು ಹೇಳುವ ಕ್ಯಾಲಿಫೋರ್ನಿಯಾದ ಲಗೂನಾ ಬೀಚ್ ಇಂಥ ಬಂಡೆಗಳ ನಡುವಿನ ಕಡಿದಾದ ಪುಟ್ಟ ಕೊಲ್ಲಿಗಳ ಊರು. ಉಪಗ್ರಹ ಚಿತ್ರವನ್ನು ಪೂರ್ತಿ ನೆಚ್ಚಬೇಡಿ. ಬಿರುಗಾಳಿಯ ದಿನಗಳಲ್ಲಿ ದಂಡೆಯ ಮರಳು ಕಡಲೊಳಗೆ ಸೇರಿ, ಶಾಂತ ತಿಂಗಳುಗಳಲ್ಲಿ ಮತ್ತೆ ಮೇಲೆ ಬರುತ್ತದೆ. ಆರು ತಿಂಗಳ ಹಿಂದಿನ ಚಿತ್ರ ಇಂದಿನ ದಂಡೆಯದಲ್ಲ.

ಇನ್ನು ಹೊತ್ತು. ಎಷ್ಟೋ ಬೀಚುಗಳು ಮೇಲ್ಭಾಗದಲ್ಲಿ ಕಡಿದು, ಕೆಳಭಾಗದಲ್ಲಿ ಚಪ್ಪಟೆ. ಉಬ್ಬರದಲ್ಲಿ ನೀರು ಮೇಲಿನ ಕಡಿದಾದ ಭಾಗಕ್ಕೆ ಬಡಿದು ದಡದಲ್ಲೇ ಅಲೆ ಒಡೆಯುತ್ತದೆ. ಇಳಿತದಲ್ಲಿ ಗಟ್ಟಿಯಾದ ಚಪ್ಪಟೆ ನೆಲ ತೆರೆದುಕೊಳ್ಳುತ್ತದೆ. ಅಂದರೆ ಒಂದೇ ಜಾಗ ದಿನದಲ್ಲಿ ಎರಡು ಬೀಚು. ಹೊಸಬರು ಪೂರ್ಣ ಇಳಿತಕ್ಕೆ ಎರಡು ತಾಸು ಮುಂಚೆ ಹೋಗಿ ನೋಡಿ. ಚೆನ್ನಾಗಿದ್ದರೆ ಸಮಯ ಬರೆದಿಟ್ಟುಕೊಳ್ಳಿ. ಉಬ್ಬರ-ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ನಾಳೆ ಅಷ್ಟು ತಡವಾಗಿ ಬನ್ನಿ. ದಿನಕ್ಕೆ ಎರಡು ಉಬ್ಬರ ಬರುವ ಕರಾವಳಿಯಾದರೆ ಎರಡು ವಾರ ಕಳೆದ ಮೇಲೆ ಹೆಚ್ಚೂಕಡಿಮೆ ಅದೇ ಹೊತ್ತಿಗೆ ಅದೇ ದಂಡೆ ಸಿಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ನೀರು ಹೆಚ್ಚು ದೂರ ಸರಿಯುತ್ತದೆ, ನೆಲವೂ ಹೆಚ್ಚು ತೆರೆಯುತ್ತದೆ. ಮೆಡಿಟರೇನಿಯನ್‌ನಂಥ, ಉಬ್ಬರ-ಇಳಿತ ಅಷ್ಟಾಗಿ ಇಲ್ಲದ ಕಡಲಿನಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ಗಾಳಿ ನೋಡಬೇಕು. ಗಾಳಿಯ ವಿಷಯ ಸರಳ: ನೆಲದಿಂದ ಕಡಲಿಗೆ ಮೆಲ್ಲನೆ ಬೀಸಿದರೆ ಅಲೆ ನೀಟಾಗಿ ನಿಲ್ಲುತ್ತದೆ, ಕಡಲಿನಿಂದ ಜೋರಾಗಿ ಬೀಸಿದರೆ ಕಲಸಿಹೋಗುತ್ತದೆ.

ಬೋರ್ಡು ಇಳಿಸುವ ಮೊದಲು ಓಡುವ ದಾರಿಯನ್ನು ಒಮ್ಮೆ ಬರಿಗಾಲಿನಲ್ಲಿ ನಡೆಯಿರಿ. ಚಿಪ್ಪು, ಕಲ್ಲು, ಅಲೆ ಕೊರೆದ ಮರಳಿನ ಮೆಟ್ಟಿಲು, ಇವುಗಳಲ್ಲಿ ಯಾವುದಕ್ಕೆ ಬೋರ್ಡಿನ ಮೂಗು ತಗುಲಿದರೂ ನೀವು ಹಾರಿಬೀಳುತ್ತೀರಿ. ಅಲೆಗಳ ಸಾಲಿನಲ್ಲಿ ಒಂದು ಕಡೆ ಮಾತ್ರ ಒಡೆಯದೆ ನೀರು ಕದಡಿಕೊಂಡು ಹೊರಕ್ಕೆ ಹೋಗುತ್ತಿದ್ದರೆ ಅದು ರಿಪ್ ಕರೆಂಟ್, ದೂರವಿರಿ. ಈಜುವವರು ತುಂಬಿರುವ ಕಡೆ ಆಡುವಂತಿಲ್ಲ. ಕೈತಪ್ಪಿದ ಬೋರ್ಡು ಎದುರಿಗಿದ್ದವರ ಮೊಣಕಾಲಿಗೇ ಹೋಗುತ್ತದೆ. ದಡದಲ್ಲೇ ಒಡೆಯುವ ಅಲೆಯಲ್ಲಿ ಬಿದ್ದರೆ ತಲೆ ಕೆಳಗಾಗಿ ಧುಮುಕಬೇಡಿ: ಅಲ್ಲಿ ನೀರು ಮೊಣಕಾಲುದ್ದವೂ ಇರುವುದಿಲ್ಲ, ಕತ್ತಿಗೆ ಪೆಟ್ಟಾಗುವುದು ಹೀಗೆಯೇ.

ನೀವು ಮುಗ್ಗರಿಸುವ ವಿಚಾರಕ್ಕೆ ಬಂದರೆ, ಹಿಮ್ಮಡಿ ಹೂಳದ ಜಾಗ ಸಿಕ್ಕ ಮೇಲೂ ಹಾಗೇ ಆದರೆ ನೀವು ತಡವಾಗಿ ಓಡುತ್ತಿದ್ದೀರಿ. ನೆಲ ಮಿರುಗುವುದು ನಿಂತು ಮಂಕಾಯಿತೆಂದರೆ ಪದರ ಹೋಯಿತು. ನೀರು ಇನ್ನೂ ಹಿಂದಕ್ಕೆ ಸರಿಯುತ್ತಿರುವಾಗಲೇ ಹೊರಟು, ದಂಡೆಗೆ ಸಮಾನಾಂತರವಾಗಿ ಓಡಿ ನೋಡಿ.