ಮೋಟಾರು ದೊಡ್ಡದಾದರೆ ನೀರು ಹೆಚ್ಚುವುದಿಲ್ಲ

“ನೀರು ಸಾಲುತ್ತಿಲ್ಲ, ಪಂಪಿನ ಐದು ಎಚ್‌ಪಿ (ಅಶ್ವಶಕ್ತಿ) ಮೋಟಾರು ತೆಗೆದು ಏಳೂವರೆಯದು ಹಾಕಿಕೊಡಿ” ಎಂದು ಕೇಳಿಕೊಂಡು ಬರುವವರಿಗೆ ಕೊನೆಯೇ ಇಲ್ಲ. ಕೆಲವರು ಬರುವಷ್ಟರಲ್ಲಿ ಮೋಟಾರು ಕೊಂಡೂ ಆಗಿರುತ್ತದೆ. ನೀರಿಗಾಗಿ ಕಾಯುವವರ ಆತುರ ನನಗೆ ಅರ್ಥವಾಗುತ್ತದೆ. ಆ ಆತುರದಲ್ಲಿ ದುಡ್ಡು ಪೋಲಾಗುವುದನ್ನು ನೋಡಿದಾಗ ಮಾತ್ರ ಸಂಕಟವಾಗುತ್ತದೆ.

ನೀರನ್ನು ತಿರುಗಿಸಿ ಹೊರಕ್ಕೆ ಎಸೆಯುವ ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪು ಎಷ್ಟು ನೀರು ಕೊಡಬೇಕೆಂದು ತೀರ್ಮಾನಿಸುವುದು ಮೋಟಾರಿನ ಎಚ್‌ಪಿ ಅಲ್ಲ. ಇಂಪೆಲ್ಲರಿನ (ಪಂಪಿನೊಳಗೆ ತಿರುಗುವ ರೆಕ್ಕೆಚಕ್ರದ) ಅಳತೆ, ಅದು ತಿರುಗುವ ವೇಗ, ನೀರು ಏರಬೇಕಾದ ಎತ್ತರ ಮತ್ತು ಪೈಪಿನ ತಡೆ, ಇವು ಸೇರಿ ತೀರ್ಮಾನಿಸುತ್ತವೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಎರಡು ಪೋಲಿನ (ಕಾಂತಧ್ರುವದ) ಐದು ಎಚ್‌ಪಿ ಮೋಟಾರು ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುತ್ತದೆ. ಏಳೂವರೆ ಎಚ್‌ಪಿಯದೂ ಹೆಚ್ಚುಕಡಿಮೆ ಅಷ್ಟೇ. ಅದೇ ಪಂಪು, ಅದೇ ವೇಗ, ಅದೇ ಪೈಪು ಎಂದ ಮೇಲೆ ನೀರೂ ಅಷ್ಟೇ. ಎಚ್‌ಪಿ ಎಂದರೆ ಮೋಟಾರು ಅತಿಯಾಗಿ ಬಿಸಿಯಾಗದೆ ಹೊರಬಲ್ಲ ಹೊರೆಯ ಮಿತಿ. ಎಷ್ಟು ಹೊರೆ ಹೊರಿಸಬೇಕೆನ್ನುವುದು ಪಂಪಿಗೆ ಬಿಟ್ಟದ್ದು. ಹಳೆಯ ಮೋಟಾರು ನಿಜವಾಗಿಯೂ ಹೊರೆ ತಾಳಲಾರದೆ ವೇಗ ಕಳೆದುಕೊಳ್ಳುತ್ತಿದ್ದರೆ ಮಾತು ಬೇರೆ. ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿ, ಮೋಟಾರಿನ ನೇಮ್‌ಪ್ಲೇಟಿನಲ್ಲಿ ಬರೆದ ಅಂಕಿಗೆ ಹೋಲಿಸಿದರೆ ಅದು ಅಲ್ಲೇ ತಿಳಿಯುತ್ತದೆ. ಅಪರೂಪಕ್ಕೊಮ್ಮೆ ಹಾಗಿರುತ್ತದೆ.

ಹಿರಿಯರೊಬ್ಬರು ಎರಡು ಸಲ ಮೋಟಾರು ಬದಲಿಸಿ, ಮೂರನೆಯದನ್ನು ವಿಚಾರಿಸಲು ಬಂದಿದ್ದರು. ಹೋಗಿ ನೀರು ಹೀರುವ ಸಕ್ಷನ್ ಪೈಪು ಎತ್ತಿಸಿದೆ. ಅದರ ತುದಿಯ ಫುಟ್‌ವಾಲ್ವಿನ ಜಾಲರಿಗೆ ಪಾಚಿ ದಪ್ಪವಾಗಿ ಕಟ್ಟಿತ್ತು, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ ಅಂಟಿಕೊಂಡಿತ್ತು. ಒಂದು ಮಗ್ಗುಲಲ್ಲಿ ಬೆರಳೆಣಿಕೆಯ ತೂತುಗಳಷ್ಟೇ ತೆರೆದಿದ್ದವು. ಉಜ್ಜಿ ತೊಳೆದು ಇಳಿಸಿದ ಮೇಲೆ ಪೈಪಿನ ಬಾಯಿ ತುಂಬಿ ನೀರು ಬಂತು. “ಹಾಗಾದರೆ ಹೊಸ ಮೋಟಾರು ಯಾತಕ್ಕೆ ಸ್ವಾಮಿ?” ಎಂದು ಅವರು ಕೇಳಿದರು. ಅದೇ ಪ್ರಶ್ನೆಯನ್ನು ಅಂಗಡಿಗೆ ಹೋಗುವ ಮೊದಲು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಹೀರುವ ಬದಿಯನ್ನು ಯಾರೂ ನೋಡುವುದಿಲ್ಲ. ಪಂಪು ನೀರನ್ನು ಎಳೆದುಕೊಳ್ಳುವುದಿಲ್ಲ, ಗಾಳಿಯ ಒತ್ತಡ ನೀರನ್ನು ಅದರೊಳಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ಒತ್ತಡ ಸುಮಾರು 10.3 ಮೀಟರ್ ನೀರಿಗೆ ಸಮ. ಬಳಕೆಯಲ್ಲಿ ಆರೇಳು ಮೀಟರ್ ದಕ್ಕಿದರೆ ಪುಣ್ಯ. ಸಕ್ಷನ್ ಪೈಪು ಕಿರಿದಾಗಿದ್ದರೆ ಅಥವಾ ಜಾಯಿಂಟಿನಲ್ಲಿ ಗಾಳಿ ನುಸುಳುತ್ತಿದ್ದರೆ ಅದೂ ಇಲ್ಲ. ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂತೆ ಸದ್ದು ಬಂದರೆ ಕ್ಯಾವಿಟೇಶನ್ (ಒತ್ತಡ ತೀರಾ ಇಳಿದು ನೀರಿನಲ್ಲಿ ಆವಿಯ ಗುಳ್ಳೆ ಎದ್ದು ಒಡೆಯುವುದು) ಇರಬಹುದು. ಆ ಸ್ಥಿತಿಯಲ್ಲಿ ವೇಗ ಹೆಚ್ಚಿಸಿದರೆ ಇಂಪೆಲ್ಲರು ತೂತುಬೀಳುವುದು ಬೇಗವಾಗುತ್ತದೆ, ಅಷ್ಟೇ.

ತ್ರೀ ಫೇಸ್ ಮೋಟಾರಿನಲ್ಲಿ ಎರಡು ತಂತಿ ಅದಲುಬದಲಾದರೆ ಪಂಪು ಉಲ್ಟಾ ತಿರುಗುತ್ತದೆ. ಆಗಲೂ ನೀರು ಬರುತ್ತದೆ, ಆದರೆ ಕಡಿಮೆ ಬರುತ್ತದೆ. ಆದ್ದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ. ಕೇಸಿಂಗಿನ (ಪಂಪಿನ ಹೊರಕವಚದ) ಮೇಲಿನ ಬಾಣದ ಗುರುತು ನೋಡಿ.

ಇನ್ನು ನೀರು ಹೊರಹೋಗುವ ಡೆಲಿವರಿ ಪೈಪು. ಅಷ್ಟೇ ನೀರಿಗೆ ಘರ್ಷಣೆಯ ನಷ್ಟ ವ್ಯಾಸದ ಐದನೇ ಘಾತಕ್ಕೆ ಹತ್ತಿರಹತ್ತಿರ ವಿಲೋಮವಾಗಿ ಇಳಿಯುತ್ತದೆ. ಎರಡು ಇಂಚಿನ ಬದಲು ಎರಡೂವರೆ ಇಂಚು ಹಾಕಿದರೆ ನಷ್ಟ ಮೂರನೇ ಒಂದರಷ್ಟಾಗುತ್ತದೆ. ಪೈಪು ಉದ್ದವಾಗಿದ್ದರೆ ಇದು ದೊಡ್ಡ ಲಾಭ. ಪೈಪು ಗಿಡ್ಡವಾಗಿದ್ದು ಎತ್ತರವೇ ಹೆಚ್ಚಿದ್ದರೆ ಅಷ್ಟೊಂದು ನಿರೀಕ್ಷಿಸಬೇಡಿ. ಅದೇ ಕಿರಿದಾದ ಪೈಪಿಗೆ ಇನ್ನೊಂದು ಪಂಪು ಜೋಡಿಸಿದವರಿಗೂ ನೀರು ಇಮ್ಮಡಿಯಾಗುವುದಿಲ್ಲ.

ವೇಗ ಹೆಚ್ಚಿಸುವ ದಾರಿ ಇದೆ, ಆದರೆ ಅದರ ಲೆಕ್ಕ ತಿಳಿದಿರಲಿ. ವೇಗ ಶೇ 10 ಏರಿದರೆ ಪಂಪಿನ ನೀರು ಸ್ಥೂಲವಾಗಿ ಶೇ 10, ಹೆಡ್ (ಪಂಪು ನೀರೆತ್ತಬಲ್ಲ ಎತ್ತರ) ಶೇ 21, ಬೇಕಾಗುವ ಶಕ್ತಿ ಶೇ 33 ಏರುತ್ತವೆ. ದೊಡ್ಡ ಮೋಟಾರು ಬೇಕಾಗುವುದು ಇಲ್ಲಿ. ಕೇಸಿಂಗ್, ಬೇರಿಂಗ್, ಸೀಲ್ ಇದನ್ನು ತಾಳುತ್ತವೆಯೇ ಎಂದು ತಯಾರಕರನ್ನು ಕೇಳದೆ ನಾನು ಒಪ್ಪುವುದಿಲ್ಲ.

ಏನು ಮಾಡುವುದಿದ್ದರೂ ಮೊದಲು ಅಳೆಯಿರಿ. ಇಪ್ಪತ್ತು ಲೀಟರಿನ ಬಕೆಟ್ ಹತ್ತು ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 120 ಲೀಟರ್. ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಜೊತೆಗೆ ಆಂಪಿಯರನ್ನೂ ನೋಡಿ. ಪೈಪಿನ ತಡೆ ಕಡಿಮೆಯಾದಾಗ ಇಂಥ ಪಂಪು ಹೆಚ್ಚು ನೀರು ದೂಡುತ್ತದೆ, ಸಾಮಾನ್ಯವಾಗಿ ಹೆಚ್ಚು ಕರೆಂಟನ್ನೂ ಎಳೆಯುತ್ತದೆ. ನೇಮ್‌ಪ್ಲೇಟಿನ ಮಿತಿ ದಾಟಿದರೆ ಡೆಲಿವರಿ ವಾಲ್ವನ್ನು ಸ್ವಲ್ಪ ಬಿಗಿ ಮಾಡಿ. ಸಕ್ಷನ್ ಬದಿಯ ವಾಲ್ವನ್ನು ಮಾತ್ರ ಮುಟ್ಟಬೇಡಿ.